ನಿಂತಾಗ ಕೆಡುವ ಯಂತ್ರ: ಹಂಗಾಮಿನ ಕಾರ್ಖಾನೆಗಳಲ್ಲಿ ಧೂಳು ಸಂಗ್ರಹ ವ್ಯವಸ್ಥೆಯ ತಪಾಸಣೆ ಮತ್ತು ನಿರ್ವಹಣೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಕಾರ್ಖಾನೆಗಳಲ್ಲಿ ಹೆಚ್ಚಿನವು ಹೊಲದ ಫಸಲನ್ನೇ ನೆಚ್ಚಿಕೊಂಡಿರುವುದರಿಂದ ಅವುಗಳ ವರ್ಷವೂ ಒಕ್ಕಲುತನದ ವರ್ಷದ ಹಾಗೆಯೇ ಸಾಗುತ್ತದೆ. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಊರುಗಳ ಸುತ್ತಲಿನ ಎರೆಭೂಮಿಯಲ್ಲಿ ಬೆಳೆದ ತೊಗರಿ ಬೇಳೆ ಗಿರಣಿಗೂ, ಹತ್ತಿ ಜಿನ್ನಿಂಗ್ ಕಾರ್ಖಾನೆಗೂ, ನೀರಾವರಿ ಸಿಕ್ಕ ಕಡೆಯ ಕಬ್ಬು ಸಕ್ಕರೆ ಕಾರ್ಖಾನೆಗೂ ಹೋಗುತ್ತವೆ. ಹತ್ತಿಯ ಕೆಲಸ ದೀಪಾವಳಿಯ ಆಸುಪಾಸಿಗೆ ಶುರುವಾಗಿ ಬೇಸಿಗೆಯ ಬಾಗಿಲಿಗೆ ಮುಗಿದರೆ, ಕಬ್ಬು ನುರಿಸುವ ಹಂಗಾಮೂ ಬಹುಮಟ್ಟಿಗೆ ಅದೇ ತಿಂಗಳುಗಳಲ್ಲಿ ನಡೆಯುತ್ತದೆ. ತೊಗರಿಯ ರಾಶಿ ಮುಗಿದ ಮೇಲೆ ಜನವರಿಯಿಂದ ಬೇಳೆ ಗಿರಣಿಗಳು ಬಿರುಸಾಗಿ ಓಡುತ್ತವೆ. ಮಳೆಗಾಲದಲ್ಲಿ ಇವುಗಳಲ್ಲಿ ಹಲವು ಒಂದೋ ಪೂರ್ತಿ ನಿಲ್ಲುತ್ತವೆ, ಇಲ್ಲವೇ ವಾರಕ್ಕೆ ಕೆಲವೇ ದಿನ ಓಡುತ್ತವೆ. ಧೂಳು ಹಿಡಿಯುವ ಯಂತ್ರವನ್ನು ನೋಡಿಕೊಳ್ಳುವ ರೀತಿಯನ್ನು ಈ ಏರಿಳಿತವೇ ನಿರ್ಧರಿಸಬೇಕಾಗಿದ್ದರೂ, ಯಂತ್ರದ ಜೊತೆ ಬರುವ ಕೈಪಿಡಿಗಳು ವರ್ಷವಿಡೀ ಓಡುವ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವಾಗಿರುವುದರಿಂದ ಓಡುವಾಗ ಆಗುವ ಸವೆತವನ್ನಷ್ಟೇ ವಿವರಿಸುತ್ತವೆ. ಹಂಗಾಮಿನ ಕಾರ್ಖಾನೆಯಲ್ಲಿ ಈ ಯಂತ್ರ ಓಡುವಾಗ ಸವೆಯುವುದು ನಿಜವೇ, ಆದರೆ ಅದು ಹೆಚ್ಚಾಗಿ ಕೆಡುವುದು ನಿಂತಾಗ.

ಧೂಳು ಎಂಬ ಒಂದೇ ಹೆಸರಿನ ಅಡಿಯಲ್ಲಿ ಈ ಕಾರ್ಖಾನೆಗಳಲ್ಲಿ ಬೇರೆ ಬೇರೆ ಸ್ವಭಾವದ ವಸ್ತುಗಳಿವೆ. ಬೇಳೆ ಗಿರಣಿಯ ಮೊದಲ ಜರಡಿಯಲ್ಲಿ ಏಳುವುದು ಕಾಳಿಗೆ ಅಂಟಿಕೊಂಡು ಬಂದ ಎರೆಮಣ್ಣು. ಎಮರಿ ರೋಲರಿನಲ್ಲಿ ಸಿಪ್ಪೆ ಸುಲಿಯುವಾಗ ಏಳುವುದು ಹೊಟ್ಟಿನ ಚೂರು ಮತ್ತು ಬೇಳೆಯ ಹಿಟ್ಟು. ಸಿಪ್ಪೆ ಸಡಿಲಾಗಲೆಂದು ಕಾಳಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ ಒಣಗಿಸುವ ಪದ್ಧತಿ ಇರುವುದರಿಂದ ಈ ಎರಡನೆಯ ಧೂಳಿನಲ್ಲಿ ಜಿಡ್ಡೂ ತೇವವೂ ಸ್ವಲ್ಪ ಸೇರಿರುತ್ತವೆ. ಜಿನ್ನಿಂಗ್ ಕಾರ್ಖಾನೆಯದು ಅರಳೆಯ ಎಳೆ, ಒಣಗಿದ ಎಲೆಯ ಪುಡಿ ಮತ್ತು ಮಣ್ಣು ಕೂಡಿದ್ದು. ಸಕ್ಕರೆ ಕಾರ್ಖಾನೆಯಲ್ಲಿ ಮೂರು ಬಗೆಯ ಧೂಳಿದೆ: ಬಾಯ್ಲರಿನ ಚಿಮಣಿಯಿಂದ ಹಾರುವ ಬೂದಿ, ರಾಶಿ ಹಾಕಿದ ಕಬ್ಬಿನ ಸಿಪ್ಪೆಯ ಧೂಳು, ಮತ್ತು ಒಣಗಿಸಿ ಜರಡಿ ಹಿಡಿದು ಚೀಲ ತುಂಬುವ ಮನೆಯಲ್ಲಿ ಏಳುವ ಸಕ್ಕರೆಯ ನಯವಾದ ಪುಡಿ. ಕಣ್ಣಿಗೆ ಹೆಚ್ಚು ಬೀಳುವುದು ಚಿಮಣಿಯ ಬೂದಿಯಾದರೂ ಬೆಂಕಿಯ ದೃಷ್ಟಿಯಿಂದ ಅತಿ ಅಪಾಯಕಾರಿಯಾದದ್ದು ಈ ಕೊನೆಯದು.

ದೇಹಕ್ಕೆ ಮಾಡುವ ಹಾನಿಯೂ ಧೂಳಿನಿಂದ ಧೂಳಿಗೆ ಬೇರೆಯಾಗುತ್ತದೆ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯಲ್ಲಿ, ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿದಂತಾಗುವುದು ಆರಂಭದ ಲಕ್ಷಣ. ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯು ಇದನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳಲ್ಲಿ ಸೇರಿಸಿತ್ತು. ಹಳೆಯ ಕಬ್ಬಿನ ಸಿಪ್ಪೆಯಲ್ಲಿ ಬೆಳೆಯುವ, ಬಿಸಿಯನ್ನು ತಾಳಿಕೊಳ್ಳುವ ಸೂಕ್ಷ್ಮಜೀವಿಗಳ ಕಣಗಳು ಉಸಿರಿನೊಡನೆ ಒಳಹೋದಾಗ ಬರುವುದು ಬಗಾಸೋಸಿಸ್. ಸಿಪ್ಪೆಯ ರಾಶಿ ಹಳೆಯದಾದಷ್ಟೂ ಒಣಗಿದಷ್ಟೂ ಇದರ ಭಯ ಹೆಚ್ಚಾಗುವುದರಿಂದ, ಹಂಗಾಮು ಮುಗಿದು ತಿಂಗಳುಗಳಾದ ಮೇಲೆ ಉಳಿದ ರಾಶಿಯನ್ನು ಕೆದಕುವ ಕೂಲಿಕಾರರೇ ಇದಕ್ಕೆ ಹೆಚ್ಚಾಗಿ ಸಿಲುಕುತ್ತಾರೆ.

1948ರ ಕಾರ್ಖಾನೆ ಕಾಯ್ದೆಯ 14ನೇ ಕಲಂ ಧೂಳು ಹುಟ್ಟುವ ಜಾಗಕ್ಕೆ ಸಾಧ್ಯವಾದಷ್ಟು ಹತ್ತಿರದಲ್ಲಿಯೇ ಅದನ್ನು ಹೀರುವ ಸಾಧನ ಇರಬೇಕೆಂದು ಹೇಳಿದರೆ, 37ನೇ ಕಲಂ ಕಿಡಿ ತಗುಲಿದರೆ ಸಿಡಿಯಬಲ್ಲ ಧೂಳನ್ನು ಮುಚ್ಚಿದ ಯಂತ್ರದೊಳಗೇ ಇರಿಸುವುದನ್ನು, ಶೇಖರಗೊಳ್ಳದಂತೆ ತೆಗೆಯುವುದನ್ನು ಮತ್ತು ಕಿಡಿಯ ಮೂಲಗಳನ್ನು ದೂರವಿಡುವುದನ್ನು ಕಡ್ಡಾಯ ಮಾಡಿತು. ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಳ್ಳಲು ರೂಪಿಸಿದ್ದು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ. ಕಾರ್ಖಾನೆಯ ಒಳಗಿನ ಗಾಳಿಯನ್ನು ರಾಜ್ಯದ ಕಾರ್ಖಾನೆ, ಬಾಯ್ಲರ್ ಇಲಾಖೆ ನೋಡಿದರೆ, ಚಿಮಣಿಯಿಂದ ಹೊರಹೋಗುವುದನ್ನು 1981ರ ವಾಯು ಕಾಯ್ದೆಯ ಅಡಿಯಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನೋಡುತ್ತದೆ.

ವ್ಯವಸ್ಥೆಯ ಅಂಗಗಳು

ಕಣದಲ್ಲಿ ರಾಶಿಯನ್ನು ಗಾಳಿಗೆ ತೂರಿ ಹೊಟ್ಟನ್ನು ಬೇರ್ಪಡಿಸುವ ಕೆಲಸವನ್ನೇ ಗಿರಣಿಯೊಳಗೆ ಫ್ಯಾನು ಮಾಡುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಹಾರಿದ್ದನ್ನು ಮತ್ತೆ ಹಿಡಿಯಬೇಕು. ಧೂಳು ಏಳುವ ಬಾಯಿಯ ಮೇಲೆ ಕವಿಚಿದ ಹುಡ್, ಅಲ್ಲಿಂದ ಹೊರಟ ತಗಡಿನ ಕೊಳವೆ ಅಂದರೆ ಡಕ್ಟ್, ಕೊಳವೆಗಳೆಲ್ಲ ಬಂದು ಸೇರುವ ಸಂಗ್ರಾಹಕ, ಗಾಳಿಯನ್ನು ಎಳೆಯುವ ಬ್ಲೋವರ್, ಹಿಡಿದ ಧೂಳನ್ನು ಕೆಳಗಿಳಿಸುವ ಹಾಪರ್ ಮತ್ತು ಅದರ ತುದಿಯ ರೋಟರಿ ವಾಲ್ವ್, ಕೊನೆಗೆ ಚಿಮಣಿ, ಇವಿಷ್ಟೂ ಕೂಡಿ ಒಂದು ವ್ಯವಸ್ಥೆ. ಒಂದು ಅಂಗದ ಕುಂದು ಇನ್ನೊಂದು ಕಡೆ ಕಾಣಿಸಿಕೊಳ್ಳುವುದು ಇದರ ಸ್ವಭಾವವಾದ್ದರಿಂದ, ಜರಡಿಯ ಬಳಿ ಧೂಳು ಹೆಚ್ಚಾಯಿತೆಂದು ಜರಡಿಯ ಹುಡ್ಡನ್ನಷ್ಟೇ ತಟ್ಟಿ ನೋಡುವುದರಿಂದ ಪ್ರಯೋಜನವಾಗುವುದಿಲ್ಲ.

ಕೊಳವೆಯಲ್ಲಿ ಗಾಳಿ ಒಂದು ಕನಿಷ್ಠ ವೇಗದಲ್ಲಿ ಓಡುತ್ತಿದ್ದರೆ ಮಾತ್ರ ಧೂಳು ಅದರೊಡನೆ ಸಾಗುತ್ತದೆ. ಅರಳೆಯ ಎಳೆಯಂಥ ಹಗುರ ವಸ್ತುವಿಗೆ ಸೆಕೆಂಡಿಗೆ 13ರಿಂದ 15 ಮೀಟರ್ ಸಾಕಾದರೆ, ಕಾಳಿನ ಪುಡಿ ಮತ್ತು ಮಣ್ಣು ಕೂಡಿದ ಸಾಮಾನ್ಯ ಧೂಳಿಗೆ 18ರಿಂದ 20 ಮೀಟರ್ ಬೇಕೆಂಬುದು ವಿನ್ಯಾಸಕಾರರು ಒಪ್ಪಿರುವ ಲೆಕ್ಕ. ವೇಗ ಇದಕ್ಕಿಂತ ಇಳಿದಾಗ ಅಡ್ಡ ಕೊಳವೆಗಳ ತಳದಲ್ಲಿ ಧೂಳು ಕೂರಲು ಶುರುವಾಗಿ, ಕೂತ ಧೂಳಿನಿಂದ ದಾರಿ ಕಿರಿದಾಗಿ, ಹೀರುವ ಬಲ ಇನ್ನಷ್ಟು ಕುಂದುತ್ತದೆ. ವೇಗ ಇಳಿಯಲು ಅತಿ ಸಾಮಾನ್ಯವಾದ ಕಾರಣವೆಂದರೆ ಗಿರಣಿಗೆ ಹೊಸ ಯಂತ್ರವೊಂದು ಬಂದಾಗ ಹಳೆಯ ಡಕ್ಟಿಗೇ ತೂತು ಕೊರೆದು ಇನ್ನೊಂದು ಕವಲನ್ನು ಬೆಸೆಯುವುದು. ಫ್ಯಾನಿನ ಶಕ್ತಿ ಮೊದಲಿನಷ್ಟೇ ಇರುವುದರಿಂದ ಹೊಸ ಕವಲು ಎಳೆದುಕೊಂಡ ಗಾಳಿಯು ಹಳೆಯ ಕವಲುಗಳ ಪಾಲಿನಿಂದಲೇ ಹೋದದ್ದಾಗಿರುತ್ತದೆ. ಕವಲು ಸೇರಿಸಿದ ಫಿಟ್ಟರನು ಉಳಿದೆಲ್ಲ ಕವಲುಗಳಲ್ಲಿ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಗೇಟನ್ನು ಮತ್ತೆ ಹೊಂದಿಸಿ, ಗುರುತು ಹಾಕಿ, ಬೋಲ್ಟು ಬಿಗಿದು ಹೋಗದಿದ್ದರೆ ಆ ದಿನದಿಂದ ಆ ಗಿರಣಿಯ ಲೆಕ್ಕ ತಪ್ಪಿತೆಂದೇ ತಿಳಿಯಬೇಕು. ಕೊಳವೆಯ ತಳ ತುಂಬಿದೆಯೇ ಎಂಬುದನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿದರೆ ತಿಳಿಯುತ್ತದೆ: ಖಾಲಿ ತಗಡು ಗಣಗಣ ಎನ್ನುತ್ತದೆ, ತುಂಬಿದ್ದು ಮಂದವಾಗಿ ಸದ್ದು ಮಾಡುತ್ತದೆ. ಹುಡ್ಡಿನ ಎಳೆತವನ್ನು ಪರೀಕ್ಷಿಸಲು ಕೋಲಿನ ತುದಿಗೆ ಕಟ್ಟಿದ ತೆಳುವಾದ ದಾರ ಸಾಕು. ಕೆಲವರು ಊದುಬತ್ತಿಯ ಹೊಗೆ ಹಿಡಿದು ನೋಡುವುದುಂಟಾದರೂ ಧೂಳು ಹೊತ್ತಿಕೊಳ್ಳಬಲ್ಲ ಮನೆಯೊಳಗೆ ಕೆಂಡವನ್ನು ತರುವ ಆ ಪದ್ಧತಿ ಸರ್ವಥಾ ಕೂಡದು.

ಸೈಕ್ಲೋನ್ ಎಂಬ ಶಂಕುವಿನಾಕಾರದ ಸಂಗ್ರಾಹಕದಲ್ಲಿ ಬಟ್ಟೆಯೂ ಇಲ್ಲ, ಚಲಿಸುವ ಭಾಗವೂ ಇಲ್ಲ. ಪಕ್ಕದಿಂದ ನುಗ್ಗಿದ ಗಾಳಿ ಸುತ್ತತೊಡಗಿದಾಗ ಭಾರದ ಕಣಗಳು ಗೋಡೆಗೆ ಎಸೆಯಲ್ಪಟ್ಟು ಜಾರಿ ಕೆಳಗಿಳಿಯುತ್ತವೆ, ಗಾಳಿ ನಡುವಿನಿಂದ ಮೇಲೇರಿ ಹೋಗುತ್ತದೆ. ಸುಮಾರು 10 ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ದಪ್ಪನೆಯ ಕಣಗಳನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಅದಕ್ಕೂ ಸಣ್ಣ ಕಣಗಳಲ್ಲಿ ಬಹಳಷ್ಟು ತಪ್ಪಿಸಿಕೊಳ್ಳುತ್ತವೆ. ಚಲಿಸುವ ಭಾಗವಿಲ್ಲದ್ದಕ್ಕೆ ನಿರ್ವಹಣೆಯೇ ಬೇಡವೆಂಬ ನಂಬಿಕೆ ಗಿರಣಿಗಳಲ್ಲಿ ಬಲವಾಗಿದೆ, ಅದು ಸರಿಯಲ್ಲ. ಎಳೆಯುವ ಫ್ಯಾನು ಆಚೆ ಬದಿಗಿದ್ದಾಗ ಸೈಕ್ಲೋನಿನ ತಳದಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುತ್ತದೆ. ಅಲ್ಲಿ ಬೆರಳು ತೂರುವಷ್ಟು ತೂತಿದ್ದರೂ ಹೊರಗಿನ ಗಾಳಿ ಒಳನುಗ್ಗಿ, ಕೆಳಗಿಳಿದ ಧೂಳನ್ನು ಎತ್ತಿ ಚಿಮಣಿಗೆ ಕಳಿಸುತ್ತದೆ. ಆದ್ದರಿಂದ ಸೈಕ್ಲೋನಿನಲ್ಲಿ ವಾರವಾರ ನೋಡಬೇಕಾದ ಜಾಗ ತಳವೇ: ರೋಟರಿ ವಾಲ್ವಿನ ರೆಕ್ಕೆಗಳ ತುದಿಯ ರಬ್ಬರು, ಫ್ಲ್ಯಾಂಜಿನ ನಡುವಿನ ಪ್ಯಾಕಿಂಗು, ಧೂಳಿನ ಚೀಲವನ್ನು ಬಾಯಿಗೆ ಬಿಗಿದ ಕಟ್ಟು. ಗಾಳಿ ಬಂದು ಬಡಿಯುವ ಎದುರಿನ ಗೋಡೆ ಮಣ್ಣಿನ ಕಣಗಳಿಂದ ಬೇಗ ಸವೆಯುವುದರಿಂದ ಅಲ್ಲಿ ಹಂಗಾಮಿಗೊಮ್ಮೆ ತಗಡಿನ ದಪ್ಪವನ್ನು ಪರೀಕ್ಷಿಸಬೇಕು.

ಬಟ್ಟೆಯ ಚೀಲಗಳ ಲೆಕ್ಕ

ಸೈಕ್ಲೋನ್ ಬಿಟ್ಟದ್ದನ್ನು ಹಿಡಿಯಲು ಬ್ಯಾಗ್ ಫಿಲ್ಟರ್ ಬೇಕು. ಇದರಲ್ಲಿ ತಂತಿಯ ಪಂಜರಗಳ ಮೇಲೆ ತೊಡಿಸಿದ ಉದ್ದನೆಯ ಬಟ್ಟೆಯ ಚೀಲಗಳು ಸಾಲಾಗಿ ತೂಗುತ್ತಿರುತ್ತವೆ. ಧೂಳಿನ ಗಾಳಿ ಚೀಲದ ಹೊರಗಿನಿಂದ ಒಳಕ್ಕೆ ಸೋಸಿ, ಶುದ್ಧವಾಗಿ ಮೇಲಿನ ಬಾಯಿಯಿಂದ ಹೊರಡುತ್ತದೆ. ನಿಜವಾಗಿ ಸೋಸುವುದು ಬಟ್ಟೆಯಲ್ಲ, ಬಟ್ಟೆಯ ಮೇಲೆ ಕೂತ ಧೂಳಿನ ತೆಳುಪದರ. ಈ ಪದರ ತೀರ ದಪ್ಪವಾದಾಗ ಗಾಳಿ ಸಾಗದು, ತೀರ ತೆಳುವಾದಾಗ ಧೂಳು ನಿಲ್ಲದು. ಇವೆರಡರ ನಡುವಿನ ಹದವನ್ನು ಕಾಯಲು ಕಂಪ್ರೆಸರಿನ ಗಾಳಿಯನ್ನು ಕ್ಷಣಾರ್ಧ ಚೀಲದೊಳಕ್ಕೆ ಬಡಿದು ಪದರವನ್ನು ಉದುರಿಸುವ ಏರ್ಪಾಡಿಗೆ ಪಲ್ಸ್ ಜೆಟ್ ಎನ್ನುತ್ತಾರೆ.

ಆ ಹದವನ್ನು ಕಣ್ಣಿನಿಂದ ಕಾಣಲಾಗುವುದಿಲ್ಲ, ಅಳೆಯಬಹುದು. ಚೀಲಗಳ ಕೊಳೆ ಬದಿಯ ಒತ್ತಡಕ್ಕೂ ಶುದ್ಧ ಬದಿಯ ಒತ್ತಡಕ್ಕೂ ಇರುವ ವ್ಯತ್ಯಾಸವೇ ಅದರ ಅಳತೆ. ಕೆಲಸಗಾರರ ಬಾಯಲ್ಲಿ ಇದಕ್ಕೆ ಡಿ.ಪಿ. ಎಂದು ಹೆಸರು. ಮಾಪಕ ಕೊಳ್ಳಲು ಹಣವಿಲ್ಲವೆನ್ನುವ ಗಿರಣಿಯವರು ಕೂಡ ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯೊಂದನ್ನು ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಹಲಗೆಗೆ ಬಿಗಿದು, ಅರ್ಧದಷ್ಟು ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಕೊಳೆ ಬದಿಗೂ ಇನ್ನೊಂದನ್ನು ಶುದ್ಧ ಬದಿಗೂ ಜೋಡಿಸಿ, ಹಿಂದೆ ಅಳತೆಪಟ್ಟಿ ಅಂಟಿಸಿದರೆ ಕೆಲಸ ನಡೆಯುತ್ತದೆ. ಎರಡು ಕಾಲುಗಳಲ್ಲಿನ ನೀರಿನ ಎತ್ತರದ ಅಂತರ ಎಷ್ಟು ಮಿಲಿಮೀಟರೋ ಅಷ್ಟೇ ಡಿ.ಪಿ. ಹೊಸ ಚೀಲ ಹಾಕಿದಾಗ ಅದು 25ರಿಂದ 50 ಮಿ.ಮೀ. ಇದ್ದು, ಪದರ ಕೂತ ಮೇಲೆ 100ರಿಂದ 150ರ ನಡುವೆ ನಿಲ್ಲುವುದು ಬಹುಪಾಲು ಪಲ್ಸ್ ಜೆಟ್ ಫಿಲ್ಟರುಗಳ ಆರೋಗ್ಯದ ಲಕ್ಷಣ. 150 ದಾಟಿ ಏರುತ್ತಲೇ ಹೋದರೆ ಚೀಲ ಕಟ್ಟಿಕೊಳ್ಳುತ್ತಿದೆ. ಇದ್ದಕ್ಕಿದ್ದಂತೆ ಇಳಿದರೆ ಚೀಲ ಹರಿದಿದೆ ಅಥವಾ ಪಂಜರದಿಂದ ಜಾರಿದೆ. ಅಲುಗಾಡದೆ ಸೊನ್ನೆಯಲ್ಲಿ ನಿಂತರೆ ನಳಿಗೆಯ ಬಾಯಿಯೇ ಧೂಳಿನಿಂದ ಮುಚ್ಚಿದೆ. ಈ ಕೊನೆಯದನ್ನು ಅರಿಯದೆ ಸೊನ್ನೆಯನ್ನು ಒಳ್ಳೆಯ ಸುದ್ದಿಯೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದೂ ನಡೆಯುತ್ತದೆ.

ಒಂದು ದಿನದ ಅಂಕಿಗೆ ಹೆಚ್ಚು ಅರ್ಥವಿಲ್ಲ, ಅಂಕಿಗಳ ಸಾಲಿಗೆ ಇದೆ. ಪಾಳಿಗೊಮ್ಮೆ ಒಂದೇ ಹೊತ್ತಿಗೆ ನಾಲ್ಕು ಸಂಗತಿಗಳನ್ನು ಬರೆಯುವ ವಹಿಯೊಂದು ದುಬಾರಿ ಉಪಕರಣಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ: ಡಿ.ಪಿ., ಕಂಪ್ರೆಸರ್ ಗಾಳಿಯ ಒತ್ತಡ, ಬ್ಲೋವರ್ ಮೋಟರಿನ ಆಂಪಿಯರ್, ಮತ್ತು ಆ ಪಾಳಿಯಲ್ಲಿ ಕೆಳಗಿಳಿದ ಧೂಳಿನ ತೂಕ. ನಾಲ್ಕನೆಯದನ್ನು ಬರೆಯುವವರು ಕಡಿಮೆ, ಆದರೆ ಬೇಳೆ ಗಿರಣಿಯಲ್ಲಿ ಅದು ಅತ್ಯಂತ ಸುಲಭ, ಏಕೆಂದರೆ ಸಿಪ್ಪೆ ಸುಲಿಯುವ ಹಂತದ ಹೊಟ್ಟು ಮತ್ತು ಪುಡಿ ಚುನ್ನಿಯ ಹೆಸರಿನಲ್ಲಿ ದನದ ಮೇವಿಗೆ ಮಾರಾಟವಾಗುವುದರಿಂದ ಹೇಗೂ ತೂಗಿ ಚೀಲ ತುಂಬುತ್ತಾರೆ. ಅದೇ ತೊಗರಿ, ಅಷ್ಟೇ ಕ್ವಿಂಟಲ್, ಆದರೆ ಧೂಳಿನ ತೂಕ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಉಳಿದದ್ದು ಕೊಳವೆಯಲ್ಲಿ ಕೂರುತ್ತಿರಬೇಕು, ಇಲ್ಲವೇ ಚಿಮಣಿಯಿಂದ ಹೋಗುತ್ತಿರಬೇಕು. ಮಣ್ಣು ಬೆರೆತ ಮೊದಲ ಜರಡಿಯ ಧೂಳನ್ನು ಮಾತ್ರ ಇದರೊಡನೆ ಸೇರಿಸಬಾರದು. ದನಕ್ಕೂ ಒಳ್ಳೆಯದಲ್ಲ, ಲೆಕ್ಕಕ್ಕೂ ಒಳ್ಳೆಯದಲ್ಲ.

ಆಂಪಿಯರಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಮೋಟರು ಎಳೆಯುವ ಕರೆಂಟ್ ಕಡಿಮೆಯಾದರೆ ಬಿಲ್ಲು ಉಳಿಯಿತೆಂದು ಮಾಲೀಕರು ಸಮಾಧಾನಪಡುತ್ತಾರೆ. ಸೆಂಟ್ರಿಫ್ಯೂಗಲ್ ಫ್ಯಾನು ಹೆಚ್ಚು ಗಾಳಿಯನ್ನು ಸಾಗಿಸುವಾಗ ಹೆಚ್ಚು ಆಂಪಿಯರ್ ಎಳೆಯುತ್ತದೆ, ದಾರಿ ಕಟ್ಟಿಕೊಂಡಾಗ ಕಡಿಮೆ ಎಳೆಯುತ್ತದೆ, ಆದ್ದರಿಂದ ಡಿ.ಪಿ. ಏರುತ್ತಾ ಆಂಪಿಯರ್ ಇಳಿಯುತ್ತಿದ್ದರೆ ಅದು ಉಳಿತಾಯವಲ್ಲ, ಗಿರಣಿಯ ಗಾಳಿ ನಿಲ್ಲುತ್ತಿರುವ ಸೂಚನೆ. ಇನ್ನೊಂದು ಕುಂದು ಮೋಟರು ರಿವೈಂಡಿಂಗಿಗೆ ಹೋಗಿ ಬಂದಾಗ ಅಥವಾ ವಿದ್ಯುತ್ ಲೈನಿನ ದುರಸ್ತಿಯ ನಂತರ ಹುಟ್ಟುತ್ತದೆ. ಮೂರು ಫೇಸುಗಳಲ್ಲಿ ಎರಡು ಅದಲುಬದಲಾದರೆ ಫ್ಯಾನು ಉಲ್ಟಾ ತಿರುಗುತ್ತದೆ, ಆದರೂ ಗಾಳಿ ಹೊರಡುವ ದಿಕ್ಕು ಬದಲಾಗುವುದಿಲ್ಲ. ಪ್ರಮಾಣ ಮಾತ್ರ ಬಹಳ ಕುಗ್ಗುತ್ತದೆ. ಗಾಳಿ ಬರುತ್ತಿದೆಯಲ್ಲ ಎಂದು ಯಾರೂ ಅನುಮಾನಿಸದೆ ಇಡೀ ಹಂಗಾಮು ಕಳೆದುಹೋಗಬಲ್ಲದು. ಫ್ಯಾನಿನ ಕವಚದ ಮೇಲೆ ಬಾಣದ ಗುರುತು ಬರೆದಿಟ್ಟು, ವಿದ್ಯುತ್ ಕೆಲಸ ಏನೇ ನಡೆದರೂ ಮೊದಲು ಅದನ್ನು ನೋಡುವುದು ನಿಯಮವಾಗಬೇಕು.

ಫ್ಯಾನಿನ ಉಳಿದ ಆರೈಕೆ ಗೊತ್ತಿರುವಂಥದ್ದೇ. ಬೆಲ್ಟುಗಳಲ್ಲಿ ಒಂದು ಹರಿದರೆ ಪೂರ್ತಿ ಜೋಡಿಯನ್ನೇ ಬದಲಿಸಬೇಕು, ಇಲ್ಲದಿದ್ದರೆ ಹೊಸದೊಂದೇ ಎಲ್ಲ ಭಾರವನ್ನೂ ಹೊರುತ್ತದೆ. ರೆಕ್ಕೆಗಳ ಮೇಲೆ ಜಿಡ್ಡಿನ ಧೂಳು ಒಂದೇ ಬದಿಗೆ ಅಂಟಿದಾಗ ಕಂಪನ ಹುಟ್ಟಿ ಬೇರಿಂಗನ್ನು ತಿನ್ನುತ್ತದೆ.

ಪಲ್ಸ್ ಜೆಟ್ಟಿನ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ 5ರಿಂದ 6 ಕಿಲೋ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಅಷ್ಟು ಕಿಲೋಗ್ರಾಂ, ಇರಿಸುತ್ತಾರೆ. ಚೀಲ ಕಟ್ಟಿಕೊಂಡಿತೆಂದಾಗ ಮೊದಲು ಹೊಳೆಯುವ ಉಪಾಯ ಒತ್ತಡವನ್ನು ಏರಿಸುವುದು, ಬಡಿತಗಳ ನಡುವಿನ ಅವಧಿಯನ್ನು ಇಳಿಸುವುದು. ಇದರಿಂದ ಬಟ್ಟೆ ಪಂಜರಕ್ಕೆ ಉಜ್ಜಿ ಬೇಗ ಹರಿಯುತ್ತದೆ ಮತ್ತು ಸೋಸಬೇಕಾದ ಪದರವೇ ಉದುರಿ ನುಣ್ಣನೆಯ ಧೂಳು ಬಟ್ಟೆಯ ಎಳೆಗಳೊಳಗೆ ಇಳಿದು ಕೂರುತ್ತದೆ. ಅದಕ್ಕೆ ಮೊದಲು ಪಲ್ಸ್ ಜೆಟ್ಟಿನ ವಾಲ್ವುಗಳ ಪಕ್ಕದಲ್ಲಿ ನಿಂತು ಒಂದು ಸುತ್ತು ಕಿವಿಗೊಡುವುದು ಮೇಲು. ಚೆನ್ನಾಗಿರುವ ಡಯಾಫ್ರಾಮ್ ವಾಲ್ವು ಠಪ್ಪೆಂದು ಕಡಿದಂತೆ ಸದ್ದು ಮಾಡಿ ಸುಮ್ಮನಾಗುತ್ತದೆ. ಸದ್ದೇ ಬಾರದಿದ್ದರೆ ಸೊಲೆನಾಯ್ಡ್ ಸುಟ್ಟಿದೆ, ಬಡಿತದ ನಂತರವೂ ಸುಯ್ಯೆನ್ನುತ್ತಿದ್ದರೆ ಡಯಾಫ್ರಾಮ್ ಸೀಳಿದೆ. ಹೀಗೆ ಸೋರುವ ಒಂದು ವಾಲ್ವು ಟ್ಯಾಂಕಿನ ಒತ್ತಡವನ್ನೇ ಇಳಿಸಿ ಉಳಿದ ಸಾಲುಗಳ ಬಡಿತವನ್ನೂ ಸಪ್ಪೆ ಮಾಡುವುದರಿಂದ ಕಟ್ಟಿಕೊಂಡ ಚೀಲಗಳ ಮೂಲ ಕೆಲವೊಮ್ಮೆ ಅವುಗಳಿಂದ ಬಹಳ ದೂರದಲ್ಲಿರುತ್ತದೆ. ಕಂಪ್ರೆಸರ್ ಟ್ಯಾಂಕಿನ ತಳದ ನಲ್ಲಿಯನ್ನು ದಿನಾಲು ತೆರೆದು ನೀರು ಬಿಡುವುದು ಅತ್ಯಂತ ಅಗ್ಗವಾದ, ಅಷ್ಟೇ ಮರೆತುಹೋಗುವ ಕೆಲಸ. ಆ ನೀರು ಬಡಿತದೊಂದಿಗೆ ಚೀಲದೊಳಕ್ಕೆ ಹೋಗಿ ಬೇಳೆಯ ಹಿಟ್ಟಿನೊಡನೆ ಸೇರಿದರೆ ಬಟ್ಟೆಯ ಮೇಲೆ ಅಂಟು ಮೆತ್ತಿದಂತಾಗುತ್ತದೆ. ಜಿಡ್ಡು ಮೊದಲೇ ಇರುವ ಗಿರಣಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಹರಿದ ಚೀಲ ಯಾವುದೆಂದು ನೂರಾರು ಚೀಲಗಳ ನಡುವೆ ಹುಡುಕಲು ಹೊಳೆಯುವ ಬಣ್ಣದ ಪುಡಿಯೊಂದು ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದನ್ನು ಕೊಳೆ ಬದಿಗೆ ಬಿಟ್ಟು ಫ್ಯಾನು ನಿಲ್ಲಿಸಿ, ಮೇಲಿನ ಶುದ್ಧ ಕೋಣೆಯನ್ನು ಕತ್ತಲಾಗಿಸಿ ನೇರಳಾತೀತ ದೀಪ ಹಿಡಿದರೆ ಸೋರಿದ ಚೀಲದ ಬಾಯಿ ಹೊಳೆದು ಕಾಣುತ್ತದೆ. ಜಿನ್ನಿಂಗ್ ಕಾರ್ಖಾನೆಯವರಿಗೆ ಈ ಭಾಗ ಅಷ್ಟಾಗಿ ಅನ್ವಯಿಸದು, ಅರಳೆಯ ಎಳೆ ಚೀಲಗಳ ನಡುವೆ ಸಿಕ್ಕಿಕೊಳ್ಳುವುದರಿಂದ ಅಲ್ಲಿ ಜಾಲರಿ ಮತ್ತು ಸೈಕ್ಲೋನುಗಳೇ ಹೆಚ್ಚು. ಅವರ ಮುಖ್ಯ ಕೆಲಸ ಡಕ್ಟಿನ ಬೆಸುಗೆ, ತಿರುವು ಮತ್ತು ಸ್ಕ್ರೂ ತುದಿಗಳಿಗೆ ಸಿಕ್ಕ ಎಳೆಗಳನ್ನು ಪಾಳಿ ಮುಗಿದೊಡನೆ ಬಿಡಿಸುವುದು.

ಬೆಂಕಿಯ ಪ್ರಶ್ನೆ

ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್ ಎಂಬಲ್ಲಿನ ಸಕ್ಕರೆ ಶುದ್ಧೀಕರಣ ಕಾರ್ಖಾನೆಯಲ್ಲಿ 2008ರ ಫೆಬ್ರುವರಿ 7ರಂದು ಸಕ್ಕರೆಯ ಧೂಳು ಸಿಡಿದು 14 ಜನ ಸತ್ತರು. ಆ ದೇಶದ ರಾಸಾಯನಿಕ ಸುರಕ್ಷತಾ ಮಂಡಳಿ ನಡೆಸಿದ ತನಿಖೆಯ ಪ್ರಕಾರ ಮೊದಲ ಸಿಡಿತ ಸಕ್ಕರೆ ಸಾಗಿಸುವ ಬೆಲ್ಟಿನ ಮೇಲೆ ಹೊಸದಾಗಿ ಹಾಕಿದ ಉಕ್ಕಿನ ಮುಚ್ಚಿಗೆಯ ಒಳಗೆ ಆಯಿತು. ಬಿಸಿಯೇರಿದ ಬೇರಿಂಗು ಕಿಡಿಯ ಮೂಲವಾಗಿದ್ದಿರುವ ಸಾಧ್ಯತೆಯೇ ಹೆಚ್ಚೆಂದು ಅದು ಅಭಿಪ್ರಾಯಪಟ್ಟಿತು. ಮುಚ್ಚಿಗೆ ಹಾಕಿದ್ದು ಸಕ್ಕರೆಗೆ ಕಸ ಬೀಳದಿರಲೆಂದು. ಆದರೆ ಅದರೊಳಗಿನ ಧೂಳನ್ನು ಹೀರುವ ವ್ಯವಸ್ಥೆ ಇರಲಿಲ್ಲ. ಹೆಚ್ಚಿನ ಸಾವುನೋವು ತಂದದ್ದು ಮೊದಲ ಸಿಡಿತವಲ್ಲ, ಅದರ ಅಲೆಯಿಂದ ತೊಲೆ, ನೆಲ, ಯಂತ್ರಗಳ ಮೇಲೆ ಕೂತಿದ್ದ ಧೂಳು ಮೇಲೆದ್ದು ಸಾಲಾಗಿ ಹೊತ್ತಿಕೊಂಡ ಎರಡನೆಯ ಸಿಡಿತಗಳು. ಅಲ್ಲಿನ ಧೂಳು ಸಂಗ್ರಹ ಯಂತ್ರಗಳಲ್ಲಿ ಕೆಲವು ದುರಸ್ತಿ ಕಾಣದೆ ಇದ್ದವು, ಕೆಲವು ಬೇಕಾದುದಕ್ಕಿಂತ ಚಿಕ್ಕವಾಗಿದ್ದವು ಎಂಬುದನ್ನೂ ತನಿಖೆ ದಾಖಲಿಸಿತು. ಇಂಡಿ ತಾಲ್ಲೂಕಿನ ಮರಗೂರಿನ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ, ಕೃಷ್ಣಾನಗರದ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆ ಮುಂತಾದವುಗಳಿರುವ ಜಿಲ್ಲೆಯಲ್ಲಿ ಸಕ್ಕರೆ ಮನೆಯ ಮೇಲ್ವಿಚಾರಕರು ಓದಲೇಬೇಕಾದ ವರದಿ ಅದು.

ಬೇಳೆಯ ಹಿಟ್ಟು, ಜೋಳದ ಹಿಟ್ಟು, ಹತ್ತಿಯ ಎಳೆ ಇವೂ ಇದೇ ಜಾತಿಗೆ ಸೇರಿದವು. ಉರಿಯಬಲ್ಲ ಧೂಳು, ಗಾಳಿಯಲ್ಲಿನ ಆಮ್ಲಜನಕ, ಕಿಡಿ, ಧೂಳು ಮೋಡವಾಗಿ ಹರಡುವುದು, ಮತ್ತು ಅದನ್ನು ಸುತ್ತುವರಿದ ಗೋಡೆ ಎಂಬ ಐದು ಒಂದೆಡೆ ಸೇರಿದಾಗ ಸಿಡಿತ ಆಗುತ್ತದೆ. ಬ್ಯಾಗ್ ಫಿಲ್ಟರಿನ ಪೆಟ್ಟಿಗೆಯೊಳಗೆ ಕಿಡಿಯೊಂದನ್ನು ಬಿಟ್ಟು ಉಳಿದ ನಾಲ್ಕೂ ಸದಾ ಸಿದ್ಧವಾಗಿರುತ್ತವೆ. ಹೀಗಾಗಿ ತಪಾಸಣೆಯ ದೊಡ್ಡ ಪಾಲು ಕಿಡಿಯ ಕಡೆಗೇ ಇರಬೇಕು. ಕಾಳಿನೊಡನೆ ಬಂದ ಮೊಳೆ ಅಥವಾ ಕಲ್ಲನ್ನು ಹಿಡಿಯುವ ಅಯಸ್ಕಾಂತ ಮತ್ತು ಕಲ್ಲುಜರಡಿಗಳನ್ನು ಪಾಳಿಗೊಮ್ಮೆ ಬರಿದು ಮಾಡುವುದು, ಬಕೆಟ್ ಎಲಿವೇಟರಿನ ಬೆಲ್ಟು ಒಂದು ಬದಿಗೆ ಸರಿದು ತಗಡಿಗೆ ಉಜ್ಜುತ್ತಿದೆಯೇ ಎಂದು ನೋಡುವುದು, ಬೇರಿಂಗುಗಳ ಬಿಸಿಯನ್ನು ಮುಟ್ಟದೆ ಅಳೆಯುವ ಥರ್ಮಾಮೀಟರಿನಿಂದ ಬರೆದಿಟ್ಟುಕೊಳ್ಳುವುದು, ಡಕ್ಟಿನ ಒಂದೊಂದು ತುಂಡಿಗೂ ಫಿಲ್ಟರಿನ ಕವಚಕ್ಕೂ ತಾಮ್ರದ ಪಟ್ಟಿಯ ಜೋಡಣೆ ಇದ್ದು ಅರ್ಥಿಂಗ್ ಕಡಿದುಹೋಗಿಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಳ್ಳುವುದು ಇದರಲ್ಲಿ ಸೇರುತ್ತವೆ. ಬಣ್ಣ ಬಳಿಯುವವರು ಫ್ಲ್ಯಾಂಜಿನ ಮೇಲೆಯೇ ಬಳಿದುಬಿಟ್ಟು ತಾಮ್ರದ ಪಟ್ಟಿಯ ಸಂಪರ್ಕ ತಪ್ಪಿಸುವುದು ಎಲ್ಲಿಯಾದರೂ ಆಗುವ ಸಂಗತಿ. ಚೀಲ ಬದಲಿಸುವಾಗ ಸ್ಥಿರವಿದ್ಯುತ್ತನ್ನು ಹರಿಸಬಲ್ಲ ಎಳೆಗಳಿರುವ ಬಟ್ಟೆಯ ಬದಲು ಅಗ್ಗದ ಸಾದಾ ಪಾಲಿಯೆಸ್ಟರ್ ತರುವುದು ಉಳಿತಾಯದ ಹೆಸರಿನ ಅವಿವೇಕ.

ಫಿಲ್ಟರಿನ ಗೋಡೆಯಲ್ಲಿ ತೆಳುವಾದ ತಗಡಿನ ಕಿಟಕಿಯಂಥ ಭಾಗವಿದ್ದರೆ ಅದು ಸಿಡಿತದ ಒತ್ತಡವನ್ನು ಹೊರಬಿಡಲು ಇಟ್ಟ ದಾರಿ. ಅಲ್ಲಿಂದ ಮಳೆನೀರು ಸೋರುತ್ತದೆಂದು ದಪ್ಪ ತಗಡನ್ನು ಬೆಸೆದು ಮುಚ್ಚುವುದಾಗಲೀ, ಅದರೆದುರು ಕೂಲಿಕಾರರ ವಿಶ್ರಾಂತಿಗೆ ಚಪ್ಪರ ಹಾಕುವುದಾಗಲೀ ಸಲ್ಲದು. ತೊಲೆಗಳ ಮೇಲೆ ಕೂತ ಧೂಳನ್ನು ಕಂಪ್ರೆಸರಿನ ಪೈಪು ಹಿಡಿದು ಊದುವುದು ಹಲವೆಡೆ ವಾರದ ಪದ್ಧತಿಯಾಗಿದೆ. ಅದು ಶುಚಿಗೊಳಿಸುವಿಕೆಯಲ್ಲ, ಮೇಲೆ ಹೇಳಿದ ಐದರಲ್ಲಿ ನಾಲ್ಕನೆಯದನ್ನು ಕೈಯಾರೆ ಒದಗಿಸಿಕೊಡುವುದು. ಮೆತ್ತನೆಯ ಪೊರಕೆಯಿಂದ ಎಳೆದು ತೆಗೆಯಬೇಕು, ಅಥವಾ ಧೂಳಿಗೆಂದೇ ಮಾಡಿದ ವ್ಯಾಕ್ಯೂಮ್ ಬಳಸಬೇಕು. ತೊಲೆಯ ಮೇಲಿನ ಬಣ್ಣ ಕಾಣದಷ್ಟು ಧೂಳು ಕೂತಿದ್ದರೆ ಅದನ್ನು ಮುಂದಿನ ಭಾನುವಾರದವರೆಗೆ ಬಿಡಬಾರದು: ಒಂದು ಮಿಲಿಮೀಟರಿಗಿಂತ ತೆಳುವಾದ ಪದರವೂ ವಿಶಾಲವಾಗಿ ಹರಡಿದ್ದರೆ ಅಪಾಯಕಾರಿಯೆಂಬುದು ಅಂತರರಾಷ್ಟ್ರೀಯ ಅಗ್ನಿಸುರಕ್ಷತೆಯ ಅಳತೆಗೋಲು.

ಹಾಪರನ್ನು ಗೋದಾಮಿನಂತೆ ಬಳಸುವುದು ಇನ್ನೊಂದು ಕೆಟ್ಟ ರೂಢಿ. ಚುನ್ನಿ ಕೊಳ್ಳುವವರು ಬರಲಿ ಎಂದು ಎರಡು ದಿನದ ಧೂಳನ್ನು ಅಲ್ಲೇ ಉಳಿಸಿದರೆ ಅದು ಚೀಲಗಳ ತುದಿಯವರೆಗೆ ಏರಿ ಮತ್ತೆ ಗಾಳಿಗೆ ಸೇರುತ್ತದೆ, ಒಳಗೆ ಬಿಸಿಯೇರಿ ಬೂದಿಯೊಳಗಿನ ಕೆಂಡದಂತೆ ಕಾಣದೆ ಕನಲುವುದೂ ಉಂಟು.

ಚಿಮಣಿಯ ಬದಿ

ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಸಂಬಂಧಿಸಿದಂತೆ, 2016ರ ಜನವರಿಯಲ್ಲಿ ಹೊರಟ ಕೇಂದ್ರದ ಅಧಿಸೂಚನೆಯು ಚಿಮಣಿಯ ಕಣಗಳ ಮಿತಿಯನ್ನು ಪ್ರತಿ ಘನ ಮೀಟರಿಗೆ 150 ಮಿಲಿಗ್ರಾಂ ಎಂದು ನಿಗದಿಪಡಿಸಿದೆ. ನೀರಿನ ಸಿಂಪಡಣೆಯಿಂದ ಬೂದಿ ಹಿಡಿಯುವ ವೆಟ್ ಸ್ಕ್ರಬ್ಬರುಗಳಲ್ಲಿ ನೋಡಬೇಕಾದದ್ದು ಮುಖ್ಯವಾಗಿ ನಾಜಲ್ಲುಗಳು; ಬೂದಿಯ ನೀರನ್ನೇ ಮತ್ತೆ ಮತ್ತೆ ಸುತ್ತಿಸುವುದರಿಂದ ಅವು ಕಟ್ಟಿಕೊಂಡು ಸಿಂಪಡಣೆ ಧಾರೆಯಾಗಿ ಇಳಿಯತೊಡಗುತ್ತದೆ, ಆಗ ಹೊಗೆ ನೀರಿನ ಪಕ್ಕದಲ್ಲಿಯೇ ತಪ್ಪಿಸಿಕೊಂಡು ಹೋಗುತ್ತದೆ.

ದೊಡ್ಡ ಪ್ರಮಾಣದ ಬೂದಿಗೆ ವಿದ್ಯುತ್ತಿನಿಂದ ಹಿಡಿಯುವ ಇ.ಎಸ್.ಪಿ. ಯಂತ್ರವಿದೆ. ಇದೇ ಜಿಲ್ಲೆಯ ಕೂಡಗಿಯ ಎನ್.ಟಿ.ಪಿ.ಸಿ. ಉಷ್ಣ ವಿದ್ಯುತ್ ಸ್ಥಾವರದಲ್ಲಿ ತಲಾ 800 ಮೆಗಾವಾಟಿನ 3 ಘಟಕಗಳಿದ್ದು, ಕಲ್ಲಿದ್ದಲು ಉರಿಸುವ ಇಂಥ ಸ್ಥಾವರದ ಬೂದಿಯನ್ನು ಬಟ್ಟೆ ಅಥವಾ ನೀರಿನಿಂದ ಹಿಡಿಯುವುದಕ್ಕಿಂತ ವಿದ್ಯುತ್ತಿನಿಂದ ಹಿಡಿಯುವುದೇ ದೇಶದ ವಾಡಿಕೆ. ಹತ್ತಾರು ಸಾವಿರ ವೋಲ್ಟಿನ ತಂತಿಗಳ ಪಕ್ಕದಲ್ಲಿ ಹಾಯುವ ಬೂದಿಯ ಕಣ ವಿದ್ಯುದಂಶ ಪಡೆದು ಎದುರಿನ ತಟ್ಟೆಗೆ ಅಂಟುತ್ತದೆ, ತಟ್ಟೆಯನ್ನು ಸುತ್ತಿಗೆಗಳು ಆಗಾಗ ಬಡಿದು ಬೂದಿಯನ್ನು ಉದುರಿಸುತ್ತವೆ. 2017ರ ಜನವರಿಯಿಂದ ಸ್ಥಾಪಿತವಾದ ಉಷ್ಣ ಘಟಕಗಳಿಗೆ 2015ರ ಡಿಸೆಂಬರಿನ ನಿಯಮಗಳು ವಿಧಿಸಿದ ಮಿತಿ 30 ಮಿಲಿಗ್ರಾಂ. ಗಾತ್ರದಲ್ಲಿ ಬೇಳೆ ಗಿರಣಿಗೂ ಇದಕ್ಕೂ ಹೋಲಿಕೆಯೇ ಇಲ್ಲವಾದರೂ, ಉದುರಿಸುವ ಏರ್ಪಾಡು ಸೋತಾಗ ಮತ್ತು ಹಾಪರ್ ತುಂಬಿಕೊಂಡಾಗ ಯಂತ್ರ ಸೋಲುವುದು ಎರಡರಲ್ಲೂ ಒಂದೇ ಬಗೆ.

ಹಂಗಾಮು ಮುಗಿದ ಮೇಲೆ

ಗಿರಣಿಯ ಕೊನೆಯ ಚೀಲ ತುಂಬಿದ ದಿನವೇ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ ಬೀಗ ಹಾಕಿದರೆ, ಚೀಲಗಳ ಮೇಲೆ ಮತ್ತು ಹಾಪರಿನ ಇಳಿಜಾರಿನಲ್ಲಿ ಉಳಿದ ಧೂಳು ಮುಂಗಾರಿನ ತೇವವನ್ನು ಹೀರಿಕೊಳ್ಳತೊಡಗುತ್ತದೆ. ಈ ಸೀಮೆಯಲ್ಲಿ ಮಳೆ ಕಡಿಮೆಯೆಂಬುದು ಇಲ್ಲಿ ನೆರವಾಗುವುದಿಲ್ಲ, ಏಕೆಂದರೆ ಕೆಡಿಸುವುದು ಸುರಿಯುವ ಮಳೆಗಿಂತ ಹೆಚ್ಚಾಗಿ ರಾತ್ರಿ ತಣಿದ ತಗಡಿನ ಒಳಮೈಯಲ್ಲಿ ಮೂಡುವ ಇಬ್ಬನಿ. ಬೇಳೆಯ ಹಿಟ್ಟು ಹುಳಿತು ಬೂಷ್ಟು ಹಿಡಿಯುತ್ತದೆ, ಸಕ್ಕರೆಯ ಪುಡಿ ಕರಗಿ ಮತ್ತೆ ಗಟ್ಟಿಯಾಗುತ್ತದೆ, ಪಂಜರದ ತಂತಿ ತುಕ್ಕು ಹಿಡಿದು ಆ ತುಕ್ಕಿನ ಮುಳ್ಳುಗಳು ಮುಂದಿನ ಹಂಗಾಮಿನಲ್ಲಿ ಬಟ್ಟೆಯನ್ನು ಒಳಗಿನಿಂದ ಸೀಳುತ್ತವೆ, ಇಲಿಗಳು ಜಿಡ್ಡಿನ ವಾಸನೆಗೆ ಬಂದು ಚೀಲವನ್ನೇ ಕಡಿಯುತ್ತವೆ.

ಆದ್ದರಿಂದ ಕೊನೆಯ ದಿನ ಕಾಳು ನಿಂತ ಮೇಲೆಯೂ ಫ್ಯಾನನ್ನು ಅರ್ಧ ಗಂಟೆಯಷ್ಟು ಓಡಿಸಿ ಕೊಳವೆಗಳನ್ನು ಬರಿದು ಮಾಡಬೇಕು. ನಂತರ ಫ್ಯಾನು ನಿಲ್ಲಿಸಿ, ಬಡಿತವನ್ನು ಮಾತ್ರ ಹಲವು ಸುತ್ತು ಮುಂದುವರಿಸಬೇಕು, ಏಕೆಂದರೆ ಎಳೆತವಿಲ್ಲದಾಗ ಉದುರಿದ ಧೂಳು ಮತ್ತೆ ಚೀಲಕ್ಕೆ ಹೋಗಿ ಕೂರುವುದಿಲ್ಲ. ಹಾಪರಿನ ಬಾಯಿ ತೆರೆದು ಪೂರ್ತಿ ಬಳಿದು ತೆಗೆದ ನಂತರ ರೋಟರಿ ವಾಲ್ವಿನ ಸರಪಣಿಗೆ ಎಣ್ಣೆ ಬಿಟ್ಟು, ಬೆಲ್ಟುಗಳನ್ನು ಸಡಿಲಿಸಿ, ಚಿಮಣಿಯ ಬಾಯಿಗೆ ತಾತ್ಕಾಲಿಕ ಮುಚ್ಚಳ ಹಾಕಿ, ಮುಚ್ಚಳ ಹಾಕಿದ್ದನ್ನು ಸ್ಟಾರ್ಟರಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಬೇಕು. ಮಳೆಗಾಲದಲ್ಲಿ ತಿಂಗಳಿಗೆರಡು ಸಲ ಬಿಸಿಲಿರುವ ಮಧ್ಯಾಹ್ನ ಮುಚ್ಚಳ ತೆಗೆದು ಫ್ಯಾನನ್ನು ಒಂದು ಗಂಟೆ ಓಡಿಸಿದರೆ ಒಳಗಿನ ತೇವ ಹೊರಡುತ್ತದೆ ಮತ್ತು ಶಾಫ್ಟು ಒಂದೇ ಭಂಗಿಯಲ್ಲಿ ನಿಂತು ಬೇರಿಂಗಿನಲ್ಲಿ ಗುಂಡಿ ಬೀಳುವುದು ತಪ್ಪುತ್ತದೆ.

ಚೀಲ ಬದಲಾಯಿಸಲು ಅಥವಾ ತಳ ಕೆರೆಯಲು ಮನುಷ್ಯ ಒಳಗಿಳಿಯಬೇಕಾದಾಗ ಅದು ಇಕ್ಕಟ್ಟಿನ ಜಾಗದ ಕೆಲಸವಾಗುತ್ತದೆ. ಹುಳಿತ ಧೂಳು ಆಮ್ಲಜನಕವನ್ನು ತಿಂದಿರಬಹುದಾದ್ದರಿಂದ ಗಾಳಿ ಆಡಿಸಿ, ಆಮ್ಲಜನಕ 19.5 ಪ್ರತಿಶತಕ್ಕಿಂತ ಕಡಿಮೆಯಿಲ್ಲವೆಂದು ಮಾಪಕದಿಂದ ನೋಡಿದ ಮೇಲಷ್ಟೇ ಇಳಿಯಬೇಕು. ಬ್ಲೋವರ್, ರೋಟರಿ ವಾಲ್ವ್, ಕಂಪ್ರೆಸರ್ ಮೂರರ ಫ್ಯೂಸನ್ನೂ ಕಿತ್ತು, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಒಳಗಿಳಿಯುವವನೇ ಇಟ್ಟುಕೊಳ್ಳಬೇಕು. ಬಾಗಿಲಲ್ಲಿ ಇನ್ನೊಬ್ಬ ಕದಲದೆ ನಿಂತಿರಬೇಕು. ಒಳಗಿದ್ದವನಿಗೆ ಉಸಿರು ಕಟ್ಟಿದಾಗ ಎತ್ತಲು ಹಾರಿದ ಎರಡನೆಯವನೂ ಸಾಯುವುದು ಇಂಥ ಅವಘಡಗಳಲ್ಲಿ ಪದೇ ಪದೇ ಕಂಡದ್ದಾದ್ದರಿಂದ, ಹೊರಗಿನವನ ಕೈಯಲ್ಲಿ ಹಗ್ಗ ಇರಬೇಕು, ಅವನಿಗೆ ಒಳಗೆ ಹಾರುವ ಅಧಿಕಾರ ಇರಕೂಡದು. ಹಂಗಾಮಿಗೆಂದು ಹೊರಗಿನಿಂದ ಬಂದ, ಊರಿನ ಭಾಷೆ ಬಾರದ ಕೂಲಿಕಾರರೇ ಈ ಕೆಲಸಕ್ಕೆ ಇಳಿಯುವುದು ಹೆಚ್ಚಾಗಿರುವಾಗ ಸೂಚನೆಗಳು ಅವರಿಗೆ ತಿಳಿಯುವ ಭಾಷೆಯಲ್ಲಿಯೂ ಇರುವುದು ಅಗತ್ಯ.

ಹೊಸ ಹಂಗಾಮಿಗೆ ಯಂತ್ರವನ್ನು ಮೊದಲ ದಿನವೇ ಪೂರ್ತಿ ಭಾರಕ್ಕೆ ಒಡ್ಡುವುದರಿಂದ ಹೊಸ ಚೀಲಗಳು ಕೆಡುತ್ತವೆ. ಪದರವಿನ್ನೂ ಕೂರದ ಬಟ್ಟೆಯ ಎಳೆಗಳೊಳಕ್ಕೆ ರಭಸದ ಗಾಳಿ ನುಣ್ಣನೆಯ ಧೂಳನ್ನು ತುರುಕಿಬಿಟ್ಟರೆ ಯಾವ ಬಡಿತವೂ ಅದನ್ನು ಹೊರತೆಗೆಯಲಾರದು. ಬಾಣದ ಗುರುತನ್ನೂ ಚಿಮಣಿಯ ಮುಚ್ಚಳವನ್ನೂ ನೋಡಿದ ಬಳಿಕ ಫ್ಯಾನಿನ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಡ್ಯಾಂಪರನ್ನು ಅರ್ಧಕ್ಕೆ ಇಳಿಸಿ, ಪಲ್ಸ್ ಜೆಟ್ಟನ್ನು ಬಂದಿಟ್ಟು, ಒಣಗಿದ ಕಾಳನ್ನಷ್ಟೇ ಕಡಿಮೆ ಪ್ರಮಾಣದಲ್ಲಿ ಬಿಟ್ಟು ಓಡಿಸಬೇಕು. ಎಣ್ಣೆ ಸವರಿದ ಕಾಳು ಆ ದಿನ ಬೇಡ. ನಳಿಗೆಯ ನೀರು 50 ಮಿ.ಮೀ. ಅಂತರಕ್ಕೆ ಬಂದು ನಿಂತ ಮೇಲೆ ಡ್ಯಾಂಪರನ್ನು ಹಂತ ಹಂತವಾಗಿ ತೆರೆದು, ಬಡಿತವನ್ನು ಶುರುಮಾಡಿ, ಆ ಹೊತ್ತಿನ ನಾಲ್ಕು ಅಂಕಿಗಳನ್ನು ವಹಿಯ ಮೊದಲ ಪುಟದಲ್ಲಿ ಬರೆದಿಡಬೇಕು. ಹಂಗಾಮಿನ ಉಳಿದೆಲ್ಲ ಅಂಕಿಗಳನ್ನು ಹೋಲಿಸಬೇಕಾದದ್ದು ಆ ಪುಟದೊಂದಿಗೆ.